ಕ್ಯಾಮೆರಾ ಆಮೇಲೆ, ಮೊದಲು ಹಾಡು ಕಾಗದಕ್ಕೆ ಇಳಿಯಲಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಕಾಲೇಜು ಹುಡುಗ ಹುಡುಗಿಯರದು. ಎಲ್ಲರಿಗೂ ಮ್ಯೂಸಿಕ್ ವಿಡಿಯೊ ಮಾಡುವ ಆಸೆ. ಯಾವ ಕ್ಯಾಮೆರಾ ತರಬೇಕು, ಯಾವ ಲೆನ್ಸ್ ಹಾಕಬೇಕು ಅಂತ ಕೇಳಿದವರೇ ಹೆಚ್ಚು. ಆ ಪತ್ರಗಳನ್ನು ಬೇಕಂತಲೇ ಪಕ್ಕಕ್ಕಿಟ್ಟು ಉಳಿದವನ್ನು ತೆಗೆದುಕೊಂಡಿದ್ದೇವೆ.

ನಾವು ಬಿ.ಎ. ಪತ್ರಿಕೋದ್ಯಮದ ಕೊನೆಯ ಸೆಮಿಸ್ಟರ್‌ನವರು, ಎಂಟು ಜನ ಇದ್ದೇವೆ. ಪ್ರಾಜೆಕ್ಟ್‌ಗೆ ಮ್ಯೂಸಿಕ್ ವಿಡಿಯೊ ಮಾಡುತ್ತಿದ್ದೇವೆ. ಹಾಡು ನಮ್ಮ ಗೆಳೆಯನೇ ಬರೆದು ಟ್ಯೂನ್ ಹಾಕಿದ್ದು, 3 ನಿಮಿಷ 40 ಸೆಕೆಂಡ್ ಇದೆ. ಒಂದು ದಿನಕ್ಕೆ ಕ್ಯಾಮೆರಾ ಮಾತಾಡಿ ಇಟ್ಟಿದ್ದೇವೆ. ಮುಂದಿನ ವಾರವೇ ಶೂಟಿಂಗ್. ಎಲ್ಲಿಂದ ಶುರು ಮಾಡೋದು ಗೊತ್ತಾಗುತ್ತಿಲ್ಲ.
– ವಿದ್ಯಾರ್ಥಿ, ಹಾಸನ

ಅಡ್ವಾನ್ಸ್ ಕೊಟ್ಟಿಲ್ಲ ತಾನೆ? ಹಾಗಿದ್ದರೆ ಶೂಟಿಂಗನ್ನು ಒಂದು ಹದಿನೈದು ದಿನ ಮುಂದೆ ಹಾಕಿ. ಕೊಟ್ಟಿದ್ದರೂ ಕ್ಯಾಮೆರಾ ಬಾಡಿಗೆಗೆ ಕೊಡುವವರಿಗೆ ಫೋನ್ ಮಾಡಿ ಬೇರೆ ದಿನ ಕೇಳಿ ನೋಡಿ.

ಯಾಕಂದ್ರೆ ನಿಮ್ಮ ಪತ್ರದಲ್ಲಿ ಎಲ್ಲ ಇದೆ, ಹಾಡಿನ ಲಯ, ಉದ್ದ ಇನ್ನು ಬದಲಾಗಲ್ಲ ಅನ್ನೋ ಮಾತೊಂದೇ ಇಲ್ಲ. ರಫ್ ಟ್ರ್ಯಾಕ್‌ಗೆ ಶೂಟ್ ಮಾಡಿ ಮುಗಿಸುತ್ತೀರಿ, ಆಮೇಲೆ ಟ್ಯೂನ್ ಹಾಕಿದ ಪುಣ್ಯಾತ್ಮ ಬಂದು 'ಸ್ವಲ್ಪ ಸ್ಪೀಡ್ ಜಾಸ್ತಿ ಮಾಡಿದ್ದೀನಿ ಕಣ್ರೋ, ಈಗ ಚೆನ್ನಾಗಿದೆ' ಅನ್ನುತ್ತಾನೆ. ಅಲ್ಲಿಗೆ ತುಟಿ ಕೂಡಿಸಿದ ಶಾಟ್ ಅಷ್ಟೂ ಹೋಯಿತು. ಆಮೇಲೆ ದನಿಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್‌ನಲ್ಲಿ ತಬಲಾ ಏರಲಿ, ಗಿಟಾರ್ ಇಳಿಯಲಿ, ತೊಂದರೆ ಇಲ್ಲ. ಲಯ ಮತ್ತು ಉದ್ದ ಮಾತ್ರ ಶೂಟಿಂಗ್‌ಗೆ ಮುಂಚೆ ಗಟ್ಟಿಯಾಗಿರಬೇಕು.

ಅದಾದ ಮೇಲೆ ಒಂದು ಸಂಜೆ ಎಂಟೂ ಜನ ಕೂತು ಹಾಡನ್ನು ಕಾಗದಕ್ಕೆ ಇಳಿಸಿ. ಎಡಗಡೆ ಸಮಯ: 0:00ಯಿಂದ 0:14 ಗಿಟಾರ್, 0:14ರಿಂದ 0:42 ಪಲ್ಲವಿ, 0:42ರಿಂದ 1:02 ಕೊಳಲಿನ ಬಿಟ್, 1:02ರಿಂದ ಮೊದಲ ಚರಣ, ಹೀಗೆ ಕೊನೆಯವರೆಗೆ. ಅದರ ಮುಂದೆ ಏನು ಕಾಣಬೇಕು, ಎಲ್ಲಿ, ಯಾರು, ಯಾವ ಬಟ್ಟೆ, ಕೈಲಿ ಏನು ಅಂತ ಬರೆಯಿರಿ. 'ಏನು ಕಾಣಬೇಕು' ಅನ್ನೋ ಕಡೆ 'ಫೀಲ್ ಇರೋ ಶಾಟ್' ಅಂತ ಬರೆದರೆ ಹೊಡೆದು ಹಾಕಿ. 'ಹುಡುಗಿ ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತಿದ್ದಾಳೆ, ಗಾಜಿನ ಮೇಲೆ ಹೊರಗಿನ ಮರಗಳು' ಅಂತ ಬರೆಯಿರಿ. ಹಾಗೆ ಬರೆದ ತಕ್ಷಣ ಬಸ್ ಎಲ್ಲಿಂದ ತರೋದು ಅನ್ನೋ ಪ್ರಶ್ನೆ ಬರುತ್ತದೆ. ಅದು ಶೂಟಿಂಗ್ ದಿನ ಬೆಳಿಗ್ಗೆ ಬರುವ ಬದಲು ಈಗಲೇ ಬರಲಿ ಅಂತಲೇ ಈ ಕಾಗದ.

ಈಗ ಸ್ವಲ್ಪ ಲೆಕ್ಕ. ನಿಮ್ಮ ಹಾಡು 220 ಸೆಕೆಂಡ್. ಶಾಟ್ ಒಂದಕ್ಕೆ ಸರಾಸರಿ 3 ಸೆಕೆಂಡ್ ಅಂದರೂ ಎಡಿಟಿಂಗ್‌ನಲ್ಲಿ 70ಕ್ಕೂ ಹೆಚ್ಚು ತುಣುಕು ಬೇಕು. ಬೆಳಿಗ್ಗೆ 7ರಿಂದ ಸಂಜೆ 6ರವರೆಗೆ ಬೆಳಕು ಇದೆ ಅಂದುಕೊಳ್ಳಿ. ಊಟ, ಟಿಫನ್, ಜಾಗ ಬದಲಾಯಿಸೋದು ಎಲ್ಲ ಕಳೆದರೆ 9 ಗಂಟೆ ಉಳಿಯುತ್ತದೆ. ಕ್ಯಾಮೆರಾ ಇಟ್ಟು, ಬೆಳಕು ನೋಡಿ, ಎರಡು ಮೂರು ಟೇಕ್ ತೆಗೆಯೋಕೆ 20 ನಿಮಿಷ ಬೇಕೇ ಬೇಕು. ಅಂದರೆ ದಿನಕ್ಕೆ 27 ಸಲ ಕ್ಯಾಮೆರಾ ಇಡಬಹುದು, ಅದೂ ಯಾರೂ ಜಗಳ ಆಡದಿದ್ದರೆ. 27 ಎಲ್ಲಿ, 70 ಎಲ್ಲಿ?

ಅದಕ್ಕೇ ಹಾಡುವವರನ್ನು ನೆಚ್ಚಿಕೊಳ್ಳಬೇಕು. ಒಂದು ಒಳ್ಳೆ ಜಾಗದಲ್ಲಿ ಗಾಯಕನನ್ನು ನಿಲ್ಲಿಸಿ ಇಡೀ ಹಾಡನ್ನು ಮೊದಲಿಂದ ಕೊನೆವರೆಗೆ ಹಾಡಿಸಿ. ಒಂದು ಸಲ ದೂರದಿಂದ, ಒಂದು ಸಲ ಸೊಂಟದಿಂದ ಮೇಲೆ, ಒಂದು ಸಲ ಮುಖ ಮಾತ್ರ, ಒಂದು ಸಲ ಪಕ್ಕದಿಂದ. ಎರಡೂವರೆ ಗಂಟೆಯಲ್ಲಿ ಅರ್ಧ ವಿಡಿಯೊ ನಿಮ್ಮ ಜೇಬಿನಲ್ಲಿ. ಮಧ್ಯಾಹ್ನ ಏನೇ ಎಡವಟ್ಟಾದರೂ ಹಾಡು ನಿಲ್ಲುತ್ತದೆ. ಉಳಿದ ಹೊತ್ತಿನಲ್ಲಿ ಕಥೆಯ ಹದಿನೈದು ಹದಿನಾರು ಮಾಂಟೇಜ್ ಶಾಟ್ (ಹಾಡಿನ ನಡುವೆ ಬಂದು ಹೋಗುವ ಬಿಡಿ ದೃಶ್ಯ) ನಿಧಾನವಾಗಿ ತೆಗೆಯಿರಿ. ಇದನ್ನು ಉಲ್ಟಾ ಮಾಡಬೇಡಿ. ಬೆಳಿಗ್ಗೆ ಹುಮ್ಮಸ್ಸಿನಲ್ಲಿ ಪ್ರೇಮಕಥೆ ತೆಗೆಯುತ್ತಾ ಕೂತು ಸಂಜೆ ಐದೂವರೆಗೆ ಗಾಯಕನನ್ನು ಓಡಿಸಿಕೊಂಡು ಹೋಗಿ ನಿಲ್ಲಿಸುವ ತಂಡಗಳೇ ಜಾಸ್ತಿ.

ಇನ್ನೊಂದು ಕೆಲಸ, ಇದನ್ನು ಹೇಳಿದರೆ ಹುಡುಗರು ಮುಖ ಸಿಂಡರಿಸುತ್ತಾರೆ. ಶೂಟಿಂಗ್‌ಗೆ ಮುಂಚೆ ಇಡೀ ವಿಡಿಯೊವನ್ನು ಕಾಲೇಜು ಕಾರಿಡಾರಿನಲ್ಲೇ ಮೊಬೈಲ್‌ನಲ್ಲಿ ಒಮ್ಮೆ ತೆಗೆದುಬಿಡಿ. ನಾಯಕಿ ಬದಲು ಹಾಸ್ಟೆಲ್ ಗೆಳೆಯ ನಿಂತರೂ ಆಯಿತು. ಅದನ್ನು ಹಾಡಿನ ಮೇಲೆ ಜೋಡಿಸಿ ನೋಡಿ. ಎರಡನೇ ಚರಣದಲ್ಲಿ ತೋರಿಸೋಕೆ ಏನೂ ಇಲ್ಲ ಅಂತ ಅಲ್ಲೇ ಗೊತ್ತಾಗುತ್ತದೆ. ಹೆಚ್ಚಿನವರು ಪಲ್ಲವಿಗೆ ಎಲ್ಲ ಐಡಿಯಾ ಸುರಿದು ಎರಡನೇ ಚರಣಕ್ಕೆ ನಡೆಯೋದು, ತಿರುಗಿ ನೋಡೋದು, ಮತ್ತೆ ನಡೆಯೋದು, ಇಷ್ಟೇ ಇಟ್ಟುಕೊಂಡಿರುತ್ತಾರೆ.

ಬೇಂದ್ರೆಯವರ ಒಂದು ಕವಿತೆಗೆ ನಾವೇ ಹೊಸದಾಗಿ ಟ್ಯೂನ್ ಹಾಕಿ ವಿಡಿಯೊ ಮಾಡಬೇಕು ಅಂತಿದ್ದೇವೆ. ಕಾಲೇಜು ಪ್ರಾಜೆಕ್ಟ್ ತಾನೆ, ದುಡ್ಡು ಮಾಡೋಕಲ್ಲ. ಆದರೂ ಯೂಟ್ಯೂಬ್‌ಗೆ ಹಾಕುತ್ತೇವೆ. ತೊಂದರೆ ಇದೆಯಾ? ಸೀನಿಯರ್ ಒಬ್ಬರು 'ಹದಿನೈದು ಸೆಕೆಂಡ್‌ವರೆಗೆ ಯಾರ ಹಾಡು ಬೇಕಾದರೂ ಬಳಸಬಹುದು' ಅಂದರು.
– ವಿದ್ಯಾರ್ಥಿನಿ, ಧಾರವಾಡ

ಆ ಹದಿನೈದು ಸೆಕೆಂಡಿನ ನಿಯಮ ಯಾವ ಕಾನೂನಿನಲ್ಲೂ ಇಲ್ಲ. ಅದು ಹಾಸ್ಟೆಲ್‌ನಿಂದ ಹಾಸ್ಟೆಲ್‌ಗೆ ದಾಟುತ್ತಾ ಬಂದಿರುವ ಸುದ್ದಿ.

ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಕವಿತೆಯ ಹಕ್ಕು ಕವಿ ತೀರಿಕೊಂಡ ವರ್ಷದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಬೇಂದ್ರೆಯವರು ಹೋಗಿದ್ದು 1981ರಲ್ಲಿ. ಹಾಗಾಗಿ 2041ರ ಕೊನೆವರೆಗೆ ಅವರ ಕವಿತೆಗೆ ಹಕ್ಕುದಾರರು ಇದ್ದಾರೆ. ಕುವೆಂಪು 1994ರಲ್ಲಿ ತೀರಿಕೊಂಡವರು, ಅವರ ಕವಿತೆಗೆ 2054ರವರೆಗೆ. ಪಂಜೆ ಮಂಗೇಶರಾಯರು 1937ರಲ್ಲೇ ಹೋದರು, ಆ ಅವಧಿ ಮುಗಿದು ಎಷ್ಟೋ ವರ್ಷ ಆಯಿತು. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡಿದ್ದು 1963ರಲ್ಲಿ, ಅವರ ಕವಿತೆಗಳು 2023ರ ಕೊನೆಗೆ ಬಿಡುಗಡೆಯಾದವು. ನಿಮ್ಮ ವಯಸ್ಸಿನವರು ಯಾಕೆ ಆ ಕಡೆ ಕೈ ಹಾಕುತ್ತಿಲ್ಲ ಅಂತ ನನಗೆ ಆಶ್ಚರ್ಯ.

ವಚನ, ದಾಸರ ಪದ, ಶಿಶುನಾಳ ಶರೀಫರ ತತ್ವಪದ, ಇವುಗಳ ಸಾಹಿತ್ಯ ಯಾರ ಸ್ವತ್ತೂ ಅಲ್ಲ. ಆದರೆ ಹುಷಾರು. ಕ್ಯಾಸೆಟ್ ಕಾಲದಲ್ಲಿ ಯಾರೋ ಹಾಕಿದ ರಾಗವೇ ನಮಗೆ 'ಮೂಲ ಧಾಟಿ' ಅನಿಸಿಬಿಟ್ಟಿರುತ್ತದೆ. ಆ ರಾಗ ಸಂಯೋಜನೆಗೆ ಬೇರೆ ಹಕ್ಕು, ರೆಕಾರ್ಡಿಂಗ್‌ಗೆ ಮತ್ತೊಂದು ಹಕ್ಕು. ಶರೀಫರ ಪದ ಉಚಿತ, ಅದನ್ನು ಹಾಡಿದ ರೆಕಾರ್ಡು ಉಚಿತ ಅಲ್ಲ. ಯೂಟ್ಯೂಬಿನಿಂದ ಇಳಿಸಿಕೊಂಡ ಕರೋಕೆ ಟ್ರ್ಯಾಕಿಗೂ ಇದೇ ಮಾತು.

ಕಾಲೇಜಿನ ಒಳಗೆ ತೋರಿಸೋದು ಬೇರೆ ವಿಷಯ. ಪಾಠದ ಭಾಗವಾಗಿ ಮಾಡಿ, ಮೇಷ್ಟ್ರು, ವಿದ್ಯಾರ್ಥಿಗಳು, ಪೋಷಕರ ಮುಂದೆ ತೋರಿಸೋಕೆ ಕಾಯ್ದೆಯಲ್ಲೇ ಸಾಕಷ್ಟು ವಿನಾಯಿತಿ ಇದೆ. ಯೂಟ್ಯೂಬ್‌ಗೆ ಹಾಕಿದ ಕೂಡಲೇ ಆ ಮಾತು ನಿಲ್ಲಲ್ಲ. ದುಡ್ಡು ಮಾಡಿಲ್ಲ ಅನ್ನೋದೂ ಉತ್ತರ ಅಲ್ಲ. ಅಲ್ಲಿ ಬೇರೆಯವರ ರೆಕಾರ್ಡಿಂಗ್ ಸಿಕ್ಕಿಬಿದ್ದರೆ ಹಕ್ಕುದಾರರು ವಿಡಿಯೊ ತಡೆಯಬಹುದು, ಇಲ್ಲವೇ ಇರಲಿ ಬಿಡಿ ಅಂದು ಜಾಹೀರಾತಿನ ದುಡ್ಡು ತಾವೇ ತೆಗೆದುಕೊಳ್ಳಬಹುದು.

ನಿಮಗೆ ಬೇಂದ್ರೆಯೇ ಬೇಕು ಅಂದರೆ ನೀವು ಧಾರವಾಡದಲ್ಲೇ ಇದ್ದೀರಲ್ಲ, ಸಾಧನಕೇರಿಯಲ್ಲಿ ಬೇಂದ್ರೆ ಭವನ ಇದೆ, ಹಕ್ಕು ಈಗ ಯಾರ ಹತ್ತಿರ ಇದೆ ಅಂತ ಅಲ್ಲಿಂದ ವಿಚಾರಿಸಲು ಶುರು ಮಾಡಿ. ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಬರೆಯಿರಿ, ಉತ್ತರ ಲಿಖಿತವಾಗಿ ಬರಲಿ.

ಹಾಗೇ ನಿಮ್ಮ ಗೆಳೆಯರ ಹತ್ತಿರವೂ ಬರೆಸಿಕೊಳ್ಳಿ. ಟ್ಯೂನ್ ಹಾಕಿದವರು, ಹಾಡಿದವರು, ನುಡಿಸಿದವರು. 'ನಮ್ಮ ನಮ್ಮಲ್ಲೇನು' ಅನ್ನಬೇಡಿ. ನೂರು ಜನ ನೋಡುವವರೆಗೆ ಎಲ್ಲರೂ ಅಣ್ಣ ತಮ್ಮಂದಿರೇ, ಲಕ್ಷ ದಾಟಿದ ಮೇಲೆ ಮಾತು ಬೇರೆ.

ಹಾಡು ಶುರುವಾದಾಗ ತುಟಿ ಸರಿಯಾಗಿ ಕೂಡುತ್ತದೆ, ಎರಡು ನಿಮಿಷ ಆಗುವಷ್ಟರಲ್ಲಿ ಜಾರಿರುತ್ತದೆ. ಮೊಬೈಲ್‌ನಲ್ಲಿ ತೆಗೆದಿದ್ದೇವೆ. ಗಾಯಕಿಯದೇ ತಪ್ಪು ಅಂತ ಡೈರೆಕ್ಟರ್, ಫೋನಿನದು ಅಂತ ಅವಳು. ಯಾರದು ಸರಿ?
– ವಿದ್ಯಾರ್ಥಿ, ಮಂಗಳೂರು

ಗಾಯಕಿಯದೇ ಸರಿ ಇರೋ ಸಾಧ್ಯತೆ ಜಾಸ್ತಿ. ಡೈರೆಕ್ಟರ್ ಅವಳ ಹತ್ತಿರ ಕ್ಷಮೆ ಕೇಳಲಿ.

ಮೊಬೈಲ್ ಕ್ಯಾಮೆರಾ ಬೆಳಕಿಗೆ ತಕ್ಕಂತೆ ಸೆಕೆಂಡಿಗೆ ಇಷ್ಟು ಫ್ರೇಮ್ (ಬಿಡಿ ಚಿತ್ರ) ಅನ್ನೋದನ್ನು ತಾನೇ ಆಚೀಚೆ ಮಾಡಿಕೊಳ್ಳುತ್ತದೆ. ನೋಡೋಕೆ ಗೊತ್ತಾಗಲ್ಲ. ಎಡಿಟಿಂಗ್ ಸಾಫ್ಟ್‌ವೇರ್ ಮಾತ್ರ ಎಲ್ಲ ಸೆಕೆಂಡಿಗೂ ಒಂದೇ ಲೆಕ್ಕ ಇದೆ ಅಂದುಕೊಂಡು ಜೋಡಿಸುತ್ತದೆ. ಹೋಗ್ತಾ ಹೋಗ್ತಾ ಜಾರುತ್ತದೆ. ಈಗ ತೆಗೆದಿರೋದಕ್ಕೆ ಮದ್ದು: ಹ್ಯಾಂಡ್‌ಬ್ರೇಕ್ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಎಲ್ಲ ಫೈಲನ್ನೂ ಸ್ಥಿರ ಫ್ರೇಮ್ ರೇಟ್‌ಗೆ ಬದಲಾಯಿಸಿ, ಆಮೇಲೆ ಎಡಿಟಿಂಗ್‌ಗೆ ತನ್ನಿ. ಮುಂದಿನ ಸಲ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾದಂಥ ಆ್ಯಪ್ ಹಾಕಿಕೊಂಡು ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಅಂತ ಕೈಯಾರೆ ಕಟ್ಟಿಹಾಕಿ. ನಮ್ಮ ಕರೆಂಟು 50 ಹರ್ಟ್ಸ್‌ನದು, ಈ ಲೆಕ್ಕದಲ್ಲಿ ತೆಗೆದರೆ ಟ್ಯೂಬ್‌ಲೈಟ್ ಇರುವ ಕ್ಲಾಸ್‌ರೂಮಿನಲ್ಲಿ ಪಟಪಟ ಮಿನುಗುವ ಕಾಟವೂ ಇರಲ್ಲ.

ಇನ್ನು ಪ್ಲೇಬ್ಯಾಕ್, ಅಂದರೆ ಶೂಟಿಂಗ್ ಹೊತ್ತಿನಲ್ಲಿ ಸ್ಪೀಕರ್‌ನಲ್ಲಿ ಹಾಡು ಹಾಕೋದು. ಸಿನಿಮಾದವರು 'ನಾಗ್ರಾ' ಅನ್ನುತ್ತಾರಲ್ಲ, ಅದು. ಮ್ಯೂಸಿಕ್ ವಿಡಿಯೊದಲ್ಲಿ ಕ್ಯಾಮೆರಾ ಹಿಡಿಯುವವನಷ್ಟೇ ಮುಖ್ಯ ಇದನ್ನು ನೋಡಿಕೊಳ್ಳುವವನು. ಆ ಕೆಲಸವನ್ನು 'ಸುಮ್ನೆ ನಿಂತಿದ್ದೀಯಲ್ಲ, ಹಾಡು ಹಾಕೋ' ಅಂತ ಸಿಕ್ಕವರಿಗೆ ಕೊಡಬೇಡಿ. ಹಾಡಿನ ಫೈಲನ್ನು ಮೊದಲೇ ತುಂಡು ಮಾಡಿ ಇಟ್ಟುಕೊಳ್ಳಲಿ: ಪಲ್ಲವಿ, ಒಂದನೇ ಚರಣ, ಎರಡನೇ ಚರಣ. ಪ್ರತಿ ತುಂಡಿನ ಮುಂದೆ ತನ್ನದೇ ದನಿಯಲ್ಲಿ 'ಎರಡನೇ ಚರಣ, 1:58' ಅಂತ ಹೇಳಿ, ನಾಲ್ಕು ಬೀಪ್ ಹಾಕಿರಲಿ. ಗಾಯಕಿಗೆ ಉಸಿರು ತೆಗೆದುಕೊಳ್ಳೋಕೆ ಸಮಯ ಸಿಗುತ್ತದೆ, ಎಡಿಟರಿಗೆ ಯಾವ ತುಂಡು ಅಂತ ಹುಡುಕೋ ಕೆಲಸ ತಪ್ಪುತ್ತದೆ. ಫೋನಿನ ಸ್ಪೀಕರ್ ಸಾಲದು, ದೊಡ್ಡ ಸ್ಪೀಕರ್ ತನ್ನಿ. ಕ್ಯಾಮೆರಾದಲ್ಲಿ ಆಡಿಯೊ ಆಫ್ ಮಾಡಬೇಡಿ, ಆ ಕರಕರ ದನಿಯನ್ನು ನೋಡಿಕೊಂಡೇ ಆಮೇಲೆ ಅಸಲಿ ಹಾಡನ್ನು ಕೂಡಿಸೋದು.

ದೂರದ ಶಾಟ್‌ನಲ್ಲಿ ಒಂದು ಮೋಸ ಇದೆ. ಸ್ಪೀಕರ್ ಗಾಯಕಿಯ ಪಕ್ಕ, ಕ್ಯಾಮೆರಾ ಹದಿಮೂರು ಹದಿನಾಲ್ಕು ಮೀಟರ್ ಆಚೆ ಇದ್ದರೆ ಶಬ್ದ ಅಲ್ಲಿಗೆ ತಲುಪುವಷ್ಟರಲ್ಲಿ ಒಂದು ಫ್ರೇಮ್ ತಡ. ಮೈದಾನದ ಆ ತುದಿಯಿಂದ ತೆಗೆದರೆ ಇನ್ನೂ ಜಾಸ್ತಿ. ಅಂಥ ಶಾಟ್‌ಗಳನ್ನು ತುಟಿ ನೋಡಿಯೇ ಸರಿಪಡಿಸಬೇಕು.

ಮತ್ತೆ ಸ್ಲೋ ಮೋಷನ್‌ನಲ್ಲಿ ತುಟಿ ಕೂಡಬೇಕು ಅಂತ ಯಾರಾದರೂ ಹಟ ಹಿಡಿದರೆ, 50 ಫ್ರೇಮ್‌ನಲ್ಲಿ ತೆಗೆದು 25ರಲ್ಲಿ ಓಡಿಸಬೇಕು, ಶೂಟಿಂಗ್ ಹೊತ್ತಿನಲ್ಲಿ ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಬೇಕು. ಅವಳು ಆ ವೇಗದಲ್ಲಿ ಹಾಡುವಾಗ ಸುತ್ತ ನಿಂತವರಿಗೆ ನಗು ತಡೆಯೋಕೆ ಆಗಲ್ಲ. ಸ್ಕ್ರೀನಿನ ಮೇಲೆ ಮಾತ್ರ ಕೂದಲು ನಿಧಾನಕ್ಕೆ ಹಾರುತ್ತಾ ತುಟಿ ಸರಿಯಾಗಿ ಕೂಡುತ್ತದೆ. ಮನೆಯಲ್ಲಿ ಕನ್ನಡಿ ಮುಂದೆ ಅಭ್ಯಾಸ ಮಾಡಿಕೊಂಡು ಬರಲಿ. ಇನ್ನೊಂದು, ಬರೀ ತುಟಿ ಆಡಿಸೋದು ಬೇಡ, ದನಿ ತೆಗೆದು ಹಾಡಲಿ. ಕತ್ತಿನ ನರ ಎದ್ದು ಕಾಣಬೇಕು. ಸುಮ್ನೆ ಬಾಯಿ ಆಡಿಸಿದರೆ ನೋಡುವವರಿಗೆ ಒಂದೇ ಕ್ಷಣಕ್ಕೆ ಗೊತ್ತಾಗುತ್ತದೆ.

ಡೈರೆಕ್ಷನ್, ಹೀರೊ, ಎಡಿಟಿಂಗ್ ಮೂರೂ ನಾನೇ ಮಾಡಬಹುದಾ?
– ಕಲಬುರಗಿ

ಎಡಿಟಿಂಗ್ ಮಾಡಿ. ಉಳಿದ ಎರಡರಲ್ಲಿ ಒಂದು ಆರಿಸಿಕೊಳ್ಳಿ.

ಕುಕ್ಕರಹಳ್ಳಿ ಕೆರೆ, ರೈಲ್ವೆ ಸ್ಟೇಷನ್, ಒಂದು ಹಳೇ ದೇವಸ್ಥಾನ, ಕೊನೆಗೆ ಡ್ರೋನ್ ಶಾಟ್. ಇಷ್ಟು ಪ್ಲ್ಯಾನ್ ಇದೆ. ಚಿಕ್ಕ ಕ್ಯಾಮೆರಾ ತಾನೆ, ಪರ್ಮಿಷನ್ ಬೇಕಾ?
– ವಿದ್ಯಾರ್ಥಿ, ಮೈಸೂರು

ಡ್ರೋನ್ ಬಿಟ್ಟು ಉಳಿದ ಎಲ್ಲದಕ್ಕೂ ಬೇಕು, ಡ್ರೋನಿಗೆ ಜಾಗ ನೋಡಿ. ಕ್ಯಾಮೆರಾ ಚಿಕ್ಕದಿದ್ದರೂ ಟ್ರೈಪಾಡ್ ಬಿಚ್ಚಿದ ಕೂಡಲೇ ಸೆಕ್ಯುರಿಟಿಯವರು ಎದ್ದು ಬರುತ್ತಾರೆ, ಅದು ಎಲ್ಲ ಕಡೆ ನಡೆಯೋದೇ.

ಕುಕ್ಕರಹಳ್ಳಿ ಕೆರೆ ಮೈಸೂರು ವಿಶ್ವವಿದ್ಯಾಲಯದ್ದು, ಅರ್ಜಿ ಅಲ್ಲಿಗೇ. ನಿಮ್ಮ ಕಾಲೇಜು ಅದೇ ವಿವಿಗೆ ಸೇರಿದ್ದಾದರೆ ವಿಭಾಗದ ಮುಖ್ಯಸ್ಥರ ಪತ್ರ ತುಂಬಾ ಕೆಲಸ ಮಾಡುತ್ತದೆ. ದೇವಸ್ಥಾನ ಪುರಾತತ್ವ ಇಲಾಖೆಯದಾ, ಮುಜರಾಯಿಯದಾ, ಊರಿನವರದಾ ಅಂತ ಮೊದಲು ತಿಳಿದುಕೊಳ್ಳಿ. ಕೇಂದ್ರದ ಪುರಾತತ್ವ ಇಲಾಖೆಯ ಸ್ಮಾರಕವಾದರೆ ಪ್ರವಾಸಿಗರ ಹಾಗೆ ಕೈಯಲ್ಲಿ ಹಿಡಿದು ವಿಡಿಯೊ ಮಾಡೋದು ಬೇರೆ, ಟ್ರೈಪಾಡ್, ಲೈಟು, ಡ್ಯಾನ್ಸ್ ಇಟ್ಟುಕೊಂಡು ಚಿತ್ರೀಕರಣ ಮಾಡೋದು ಬೇರೆ. ಎರಡನೆಯದಕ್ಕೆ ಮುಂಚಿತವಾಗಿ ಲೈಸೆನ್ಸ್ ಬೇಕು, ನಿಮ್ಮ ಪ್ರಾಜೆಕ್ಟ್ ಗಡುವಿನೊಳಗೆ ಅದು ಬರುತ್ತದೆ ಅಂತ ನಂಬಿ ಕೂರಬೇಡಿ. ಊರಿನವರ ಗುಡಿಯಾದರೆ ಅರ್ಚಕರನ್ನೂ ಊರಿನ ಹಿರಿಯರನ್ನೂ ಹೋಗಿ ಕಾಣಿ, ಹಾಡಿನ ಸಾಹಿತ್ಯವನ್ನು ಓದಿ ಹೇಳಿ. ಮುಚ್ಚಿಟ್ಟರೆ ಆಮೇಲೆ ಕಷ್ಟ.

ಸ್ಟೇಷನ್ ಆಸೆ ಬಿಟ್ಟುಬಿಡಿ. ರೈಲ್ವೆ ಅನುಮತಿ ಕೊಡಲ್ಲ ಅಂತಲ್ಲ, ವಿದ್ಯಾರ್ಥಿ ತಂಡಕ್ಕೆ ಆ ಓಡಾಟ, ಖರ್ಚು ಎರಡೂ ಭಾರ. ಹಳಿ ಮೇಲೆ ಗಿಟಾರ್ ಹಿಡಿದು ನಡೆಯೋ ಶಾಟ್ ಅಂತೂ ಬೇಡವೇ ಬೇಡ. 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್‌ನಲ್ಲಿ ಅದಕ್ಕೆ 6 ತಿಂಗಳವರೆಗೆ ಜೈಲು, 1000 ರೂಪಾಯಿವರೆಗೆ ದಂಡ ಇದೆ. ಅದಕ್ಕಿಂತ ಮುಖ್ಯ, ಕಿವಿ ತುಂಬಾ ಪ್ಲೇಬ್ಯಾಕ್ ಹಾಕಿಕೊಂಡವರಿಗೆ ಹಿಂದಿನಿಂದ ಬರೋ ರೈಲು ಕೇಳಲ್ಲ.

ಡ್ರೋನಿಗೆ 2021ರ ನಿಯಮಗಳಿವೆ. ಡಿಜಿಟಲ್ ಸ್ಕೈ ಅನ್ನೋ ಸರ್ಕಾರಿ ವೆಬ್‌ಸೈಟಿನ ನಕ್ಷೆಯಲ್ಲಿ ನಿಮ್ಮ ಜಾಗ ಯಾವ ಬಣ್ಣದಲ್ಲಿದೆ ನೋಡಿ: ಹಸಿರಿದ್ದರೆ 400 ಅಡಿವರೆಗೆ ಹಾರಿಸೋಕೆ ಪ್ರತ್ಯೇಕ ಅನುಮತಿ ಬೇಡ, ಹಳದಿಗೆ ಬೇಕು, ಕೆಂಪು ಅಂದರೆ ಸುಮ್ಮನಾಗಿ. ಮೈಸೂರಿನಲ್ಲಿ ಮಂಡಕಳ್ಳಿ ವಿಮಾನ ನಿಲ್ದಾಣ ಇದೆ ಅನ್ನೋದು ನೆನಪಿರಲಿ. ಡ್ರೋನು ಗೆಳೆಯನ ಅಣ್ಣನ ಹತ್ತಿರ ಇದೆ ಅನ್ನೋದು ಸಾಲದು, ನೋಂದಣಿ ಆಗಿರಬೇಕು. ನನ್ನನ್ನು ಕೇಳಿದರೆ ಮೂರು ಅಂತಸ್ತಿನ ಮನೆಯ ತಾರಸಿಯಿಂದ ತೆಗೆದ ಶಾಟ್ ಸಾಕು. ಎಲ್ಲ ವಿಡಿಯೊದಲ್ಲೂ ಕೊನೆಗೆ ಡ್ರೋನ್ ಮೇಲೆ ಹೋಗೋದು ನೋಡಿ ನೋಡಿ ಸಾಕಾಗಿದೆ.

ಮಗಳು ಎರಡನೇ ವರ್ಷದ ಡಿಗ್ರಿ. ಶನಿವಾರ ಏನೋ ಹಾಡಿನ ಶೂಟಿಂಗ್, ರಾತ್ರಿ ಹನ್ನೊಂದಾಗುತ್ತೆ ಅಮ್ಮ ಅಂತಾಳೆ. ಎಲ್ಲಿ ಅಂದರೆ 'ಇನ್ನೂ ಫಿಕ್ಸ್ ಆಗಿಲ್ಲ' ಅಂತಾಳೆ. ಕಳಿಸೋಕೂ ಭಯ, ಬೇಡ ಅನ್ನೋಕೂ ಮನಸ್ಸಿಲ್ಲ.
– ಒಬ್ಬ ತಾಯಿ, ಶಿವಮೊಗ್ಗ

ಕಳಿಸಿ ಅಮ್ಮ, ಆದರೆ ಒಂದು ಕಾಗದ ಕೇಳಿ ಇಸಿದುಕೊಳ್ಳಿ. ಸಿನಿಮಾದವರು ಅದಕ್ಕೆ ಕಾಲ್‌ ಶೀಟ್ ಅನ್ನುತ್ತಾರೆ. ಶೂಟಿಂಗ್ ಎಲ್ಲಿ, ಯಾರು ಎಷ್ಟು ಗಂಟೆಗೆ ಬರಬೇಕು, ಯಾವ ಯಾವ ಶಾಟ್ ಯಾವ ಹೊತ್ತಿಗೆ, ಊಟ ಎಲ್ಲಿ, ಬಟ್ಟೆ ಬದಲಾಯಿಸೋ ಕೋಣೆ ಎಲ್ಲಿ, ಹತ್ತಿರದ ಆಸ್ಪತ್ರೆ ಯಾವುದು, ರಾತ್ರಿ ಯಾವ ಗಾಡಿಯಲ್ಲಿ ಯಾರ ಜೊತೆ ವಾಪಸ್, ಇಬ್ಬರು ಜವಾಬ್ದಾರರ ಫೋನ್ ನಂಬರ್. ಹಿಂದಿನ ದಿನ ಸಂಜೆಯೊಳಗೆ ಇದು ಎಲ್ಲರ ಕೈ ಸೇರಿರಬೇಕು. ಮನೆಯವರು ಕೇಳಿದರು ಅಂತ ಮಾಡುವ ಉಪಕಾರ ಅಲ್ಲ ಇದು, ಸರಿಯಾದ ತಂಡ ತನ್ನ ಕೆಲಸಕ್ಕೇ ಮಾಡಿಕೊಳ್ಳುತ್ತದೆ.

ಹಿಂದಿನ ದಿನವೂ 'ಫಿಕ್ಸ್ ಆಗಿಲ್ಲ' ಅಂದರೆ ಆ ತಂಡ ಸಿದ್ಧವಾಗಿಲ್ಲ ಅಂತ ಅರ್ಥ. ಆಗ ನೀವು ಬೇಡ ಅಂದರೂ ತಪ್ಪಿಲ್ಲ. ಇನ್ನು ರಾತ್ರಿ ಹನ್ನೊಂದು ಯಾಕೆ ಅಂತ ಮಗಳನ್ನು ಕೇಳಿ ನೋಡಿ. ಕಥೆಗೆ ರಾತ್ರಿ ಬೇಕು ಅಂದರೆ ಸರಿ. ಹಗಲಿನ ಕೆಲಸ ಮುಗಿಯಲ್ಲ ಅನ್ನೋ ಅಂದಾಜಿಗೆ ಹನ್ನೊಂದು ಅಂದಿದ್ದರೆ ಅದು ಒಂದೂವರೆಯೂ ಆಗುತ್ತದೆ.

ಒಟ್ಟು 15,000 ರೂಪಾಯಿ ಇದೆ, ಹನ್ನೆರಡು ಜನ ಇದ್ದೇವೆ. ಯಾವುದಕ್ಕೆ ಎಷ್ಟು?
– ವಿದ್ಯಾರ್ಥಿನಿ, ದಾವಣಗೆರೆ

ಮೊದಲು ಊಟ. ತಲೆಗೆ 250 ಅಂದರೆ 3,000: ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಊಟ, ಎರಡು ಸಲ ಟೀ, ಸಂಜೆಗೆ ಮಂಡಕ್ಕಿ ಮೆಣಸಿನಕಾಯಿ, ನಿಮ್ಮ ಊರಿನಲ್ಲಿ ಅದಕ್ಕೇನು ಬರವೇ. ಪುಕ್ಕಟೆ ಬಂದು ಬಿಸಿಲಲ್ಲಿ ನಿಂತವರಿಗೆ ಊಟ ತಡವಾದರೆ ಮೂರು ಗಂಟೆ ಹೊತ್ತಿಗೆ ಒಬ್ಬೊಬ್ಬರಿಗೂ 'ಮನೆಯಿಂದ ಫೋನ್' ಬರೋಕೆ ಶುರುವಾಗುತ್ತದೆ. 1,500 ತೆಗೆದು ಬೇರೆ ಇಡಿ, ಯಾರಿಗೂ ಹೇಳಬೇಡಿ, ಏನಾದರೂ ಒಡೆದರೆ ಬೇಕು.

ಉಳಿದಿದ್ದು ಕ್ಯಾಮೆರಾ ಮತ್ತು ಓಡಾಟಕ್ಕೆ. ಲೈಟು ಬಾಡಿಗೆಗೆ ತರಬೇಡಿ. ಬಿಸಿಲನ್ನು ಮುಖದ ಮೇಲೆ ತಿರುಗಿಸೋಕೆ ಎರಡು ದೊಡ್ಡ ಬಿಳಿ ಥರ್ಮಾಕೋಲ್ ಶೀಟು ತನ್ನಿ, ಬೆಳಿಗ್ಗೆ ಒಂಬತ್ತರೊಳಗೆ ಮತ್ತು ಸಂಜೆ ನಾಲ್ಕರ ಮೇಲೆ ಮುಖದ ಶಾಟ್ ಇಟ್ಟುಕೊಳ್ಳಿ. ಬಟ್ಟೆ ಮನೆಯದೇ ಆಗಲಿ, ಆದರೆ ಸಣ್ಣ ಸಣ್ಣ ಗೆರೆಯ ಚೆಕ್ಸ್ ಶರ್ಟು ಬೇಡ, ಕ್ಯಾಮೆರಾದಲ್ಲಿ ನೀರಲೆ ಹಾಗೆ ಕದಲುತ್ತದೆ. ಕ್ಯಾಮೆರಾ ತರುವಾಗ ಅಂಗಡಿಯಲ್ಲೇ ಆನ್ ಮಾಡಿ, ಲೆನ್ಸಿನ ಗೀರು ಕಂಡರೆ ಅವರ ಮುಂದೆಯೇ ಫೋಟೊ ತೆಗೆದುಕೊಳ್ಳಿ. ಕಾರ್ಡಿಗೆ ಜಿಪುಣತನ ಬೇಡ. 4ಕೆ ವಿಡಿಯೊ ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ ಗಂಟೆಗೆ 45 ಜಿಬಿ ತಿನ್ನುತ್ತದೆ, 64 ಜಿಬಿ ಕಾರ್ಡ್ ಒಂದೂವರೆ ಗಂಟೆಯೂ ಬರಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಒಬ್ಬರು ಲ್ಯಾಪ್‌ಟಾಪಿಗೂ ಇನ್ನೊಂದು ಹಾರ್ಡ್‌ಡಿಸ್ಕಿಗೂ ಕಾಪಿ ಮಾಡಲಿ. ಎರಡು ಕಡೆ ತೆರೆದು ನೋಡುವವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡಬಾರದು.

ಜುಲೈನಲ್ಲೇ ಪ್ರಾಜೆಕ್ಟ್ ಕೊಡಬೇಕು, ನಮ್ಮದು ಮಡಿಕೇರಿ. ಮಳೆಯಲ್ಲಿ ಹೇಗೆ ಮಾಡೋದು?
– ವಿದ್ಯಾರ್ಥಿ, ಕೊಡಗು

ಮಳೆ ನಿಲ್ಲಲಿ ಅಂತ ಕಾಯಬೇಡಿ, ಕಥೆಯೊಳಕ್ಕೇ ಮಳೆ ತನ್ನಿ. ಬೆಂಗಳೂರಿನವರು ಟ್ಯಾಂಕರ್ ತರಿಸಿ ಸುರಿಸೋದು ನಿಮಗೆ ಪುಕ್ಕಟೆ ಸಿಗುತ್ತಿದೆ. ಹಾಡುವ ಶಾಟ್‌ಗಳನ್ನು ಜಗಲಿ, ಬಸ್ ಸ್ಟ್ಯಾಂಡ್, ಕಾಲೇಜು ವರಾಂಡದಂಥ ಮಾಡು ಇರೋ ಜಾಗದಲ್ಲಿ ಇಟ್ಟುಕೊಳ್ಳಿ, ಹಿಂದೆ ಮಳೆ ಬೀಳುತ್ತಿರಲಿ. ಹಿಂದಿನಿಂದ ಬೆಳಕಿದ್ದರೆ ಮಾತ್ರ ಹನಿ ಕಾಣುತ್ತದೆ, ಕ್ಯಾಮೆರಾ ಕಡೆಯಿಂದ ಬೆಳಕು ಬಿದ್ದರೆ ಎಷ್ಟು ಜೋರು ಮಳೆಯಾದರೂ ಮಂಕು. ತಗಡಿನ ಮಾಡು ಬೇಡ, ಪ್ಲೇಬ್ಯಾಕ್ ಕೇಳಿಸಲ್ಲ.

ಕ್ಯಾಮೆರಾಗೆ ಕೊಡೆ ಹಿಡಿಯೋಕೆಂದೇ ಒಬ್ಬರು ಇರಲಿ. ಬೆಚ್ಚಗಿನ ಕೋಣೆಗೆ ತಂದ ಕೂಡಲೇ ಬ್ಯಾಗಿನಿಂದ ತೆಗೆದರೆ ಲೆನ್ಸಿನ ಮೇಲೆ ಮಂಜು ಕೂರುತ್ತದೆ, ಅರ್ಧ ಗಂಟೆ ಬ್ಯಾಗಿನೊಳಗೇ ಬಿಡಿ. ಗಾಯಕಿಗೆ ಒಂದೇ ಥರದ ಬಟ್ಟೆ ಎರಡು ಜೊತೆ ಇರಲಿ. ಇಸ್ತ್ರಿ ಪೆಟ್ಟಿಗೆಯನ್ನೂ ತೆಗೆದುಕೊಂಡು ಹೋಗಿ, ಜುಲೈನಲ್ಲಿ ನಿಮ್ಮೂರಲ್ಲಿ ಬಟ್ಟೆ ತಾನಾಗಿ ಒಣಗೋದಿಲ್ಲವಲ್ಲ.